ನಲವತ್ತು ಸೆಂಟು ಮಳೆಯ ವ್ಯಾಪಾರ

ಕೊಡಗಿನಲ್ಲಿ ಮಳೆಯ ಲೆಕ್ಕವನ್ನು ಯಾರೂ ಮಿಲಿಮೀಟರಿನಲ್ಲಿ ಹೇಳುವುದಿಲ್ಲ. ಇಂಚು ಮತ್ತು ಸೆಂಟು, ಅಷ್ಟೇ. ಒಂದು ಇಂಚಿಗೆ 100 ಸೆಂಟು. ಸುಂಟಿಕೊಪ್ಪದ ಪೇಟೆಯಲ್ಲಿ ಯಾರಾದರೂ "ನಿಮ್ಮಲ್ಲಿ ಎಷ್ಟು?" ಎಂದು ಕೇಳಿದರೆ "ಒಂದು ಇಪ್ಪತ್ತು" ಎಂದರೆ ಸಾಕು, ಉಳಿದದ್ದನ್ನು ಕೇಳಿದವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಹುಟ್ಟಿದಾಗಿನಿಂದ ಇದನ್ನು ಕೇಳುತ್ತಲೇ ಬೆಳೆದವನು ನಾನು. ಆದರೂ ಬೆಂಗಳೂರಿನಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಊರಿಗೆ ಬಂದು, ನಾನೇ ಮಾಡಿದ ಮೊದಲ ಮಳೆಮಾಪಕವನ್ನು ಚೆಟ್ಟಳ್ಳಿ ಕಡೆಯ ತೋಟವೊಂದರಲ್ಲಿ ನಿಲ್ಲಿಸಿದಾಗ, ಅದು ಮಾಲೀಕರ ಮೊಬೈಲಿಗೆ ಕಳುಹಿಸಿದ ಮೊದಲ ಸಂದೇಶ "30.5 ಮಿ.ಮೀ." ಎಂದಿತ್ತು. ಅವರು ಕನ್ನಡಕವನ್ನು ಹಣೆಗೇರಿಸಿ, ಮೊಬೈಲನ್ನು ಮುಖದ ಹತ್ತಿರ ತಂದು ನೋಡಿ, "ಇದು ಎಷ್ಟಾಯಿತು ಮಾರಾಯ?" ಎಂದು ಕೇಳಿದರು. ಒಂದು ಇಂಚು 20 ಸೆಂಟು ಎಂದೆ. "ಹಾಗಾದರೆ ಹಾಗೆಂದೇ ಬರೆಯಬಾರದಿತ್ತೇ?" ಎಂದರು. ಉತ್ತರ ನನ್ನಲ್ಲಿರಲಿಲ್ಲ.

ಈಗ ನಮ್ಮ 212 ಮಾಪಕಗಳು ತೊಂಬತ್ತರಷ್ಟು ತೋಟಗಳಲ್ಲಿವೆ. ಕುಶಾಲನಗರದಲ್ಲಿ ಒಂದು ಬಾಡಿಗೆ ಮಳಿಗೆ, ನನ್ನನ್ನೂ ಸೇರಿಸಿ ಮೂವರು, ಒಂದು ಹಳೆಯ ಜೀಪು. ಸ್ಟಾರ್ಟ್‌ಅಪ್ ಎಂದಾಗ ಜನರ ಕಣ್ಣ ಮುಂದೆ ಬರುವ ಚಿತ್ರ ಇದಲ್ಲ ಎಂದು ಗೊತ್ತಿದೆ. ಆದರೂ ಇಲ್ಲಿಯವರೆಗೆ ಹೇಗೆ ಬಂದೆ ಎಂದು ಕೇಳುವ ಹುಡುಗರು ಈಚೆಗೆ ಹೆಚ್ಚಾಗಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಮಳೆಮಾಪಕವಲ್ಲ, ಕಾಫಿ ದರ ತೋರಿಸುವ ಆ್ಯಪ್. 2019ರಲ್ಲಿ. ಲಂಡನ್ನಿನ ರೋಬಸ್ಟಾ ದರ, ನ್ಯೂಯಾರ್ಕಿನ ಅರೇಬಿಕಾ ದರ, ಡಾಲರಿನ ಬೆಲೆ ಇವೆಲ್ಲವನ್ನೂ ಸೇರಿಸಿ 50 ಕೆ.ಜಿ. ಮೂಟೆ ಚೆರಿಗೆ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿಗೆ, ಈ ದಿನ ಎಷ್ಟು ಸಿಗಬೇಕು ಎಂದು ಅಂದಾಜು ಹೇಳುತ್ತಿತ್ತು. ಔಟ್‌ಟರ್ನ್ ಎಷ್ಟೆಂದು ಹಾಕಿದರೆ, ಅಂದರೆ ಒಂದು ಮೂಟೆ ಚೆರಿಯಿಂದ ಎಷ್ಟು ಕಿಲೋ ಶುದ್ಧ ಬೀಜ ಸಿಗುತ್ತದೆಂದು ಹಾಕಿದರೆ, ಲೆಕ್ಕ ಇನ್ನೂ ನಿಖರ. ನನಗೆ ಬಹಳ ಹೆಮ್ಮೆಯಾಗಿತ್ತು. ಆರು ತಿಂಗಳಲ್ಲಿ ಅದನ್ನು ಪ್ರತಿದಿನ ತೆರೆಯುತ್ತಿದ್ದವರು ಹನ್ನೊಂದು ಜನ. ಅವರಲ್ಲಿ ನಾನು ಒಬ್ಬ, ನನ್ನ ಅತ್ತೆಯ ಮಗ ಇನ್ನೊಬ್ಬ. ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ವ್ಯಾಪಾರಿಗಳ ದರಪಟ್ಟಿ ಪುಕ್ಕಟೆಯಾಗಿ ಎಲ್ಲರ ವಾಟ್ಸ್‌ಆ್ಯಪಿಗೂ ಬಂದು ಬೀಳುತ್ತದೆ. ನನ್ನ ದರ "ಸಿಗಬೇಕಾದದ್ದು", ಅವರ ದರ ಸಿಗುವಂಥದ್ದು. ಮೂಟೆ ಕಟ್ಟಿ ಕುಳಿತವನಿಗೆ ಎರಡನೆಯದು ಸಾಕು.

ಮಳೆಮಾಪಕದ ಯೋಚನೆ ಹುಟ್ಟಿದ್ದು 2020ರ ಲಾಕ್‌ಡೌನಿನಲ್ಲಿ. ಆ ಮಾರ್ಚ್ ತಿಂಗಳ ಕೊನೆಗೆ ನಾನು ಮನೆಯಲ್ಲೇ ಸಿಕ್ಕಿಕೊಂಡಿದ್ದೆ. ಒಂದು ಸಂಜೆ ಗುಡುಗಿ ಮಳೆ ಬಂತು. ಮನೆಯಂಗಳದ ಮಾಪಕದಲ್ಲಿ 85 ಸೆಂಟು. ಅಪ್ಪ ಸಮಾಧಾನದಿಂದ ಮಲಗಿದರು. ಮರುದಿನ ಮಧ್ಯಾಹ್ನ ಕೆಳಗಿನ ತೋಟಕ್ಕೆ ಹೋದರೆ, ಮನೆಯಿಂದ ಒಂದೂವರೆ ಕಿಲೋಮೀಟರ್ ಕೂಡ ಇಲ್ಲದ ಜಾಗ, ಅಲ್ಲಿ ನೆಲ ಮೇಲ್ಮೇಲೆ ಮಾತ್ರ ಒದ್ದೆಯಾಗಿತ್ತು. 30 ಸೆಂಟು ಬಿದ್ದಿದ್ದರೆ ಹೆಚ್ಚು. ಅಪ್ಪನ ಮುಖ ಸಪ್ಪಗಾಯಿತು.

ಕಾಫಿ ಬೆಳೆಯದವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಳಿಗಾಲ ಪೂರ್ತಿ ಒಣಗಿ ನಿಂತ ರೋಬಸ್ಟಾ ಗಿಡದ ಮೊಗ್ಗು ಅರಳಬೇಕಾದರೆ ಫೆಬ್ರವರಿ ಕೊನೆ, ಮಾರ್ಚ್ ಹೊತ್ತಿಗೆ ಒಂದು ಹದವಾದ ಮಳೆ ಬೀಳಬೇಕು. ಅದೇ ಹೂಮಳೆ. ಒಂದು ಇಂಚು ಅಥವಾ ಅದಕ್ಕಿಂತ ತುಸು ಹೆಚ್ಚು ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬಿಳಿ. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬಂದು ಕಾಯಿ ಹಿಡಿಸಬೇಕು. ಅದಕ್ಕೆ ನಾವು ಬ್ಯಾಕಿಂಗ್ ಎನ್ನುತ್ತೇವೆ. ಮಳೆ ಬಾರದಿದ್ದರೆ ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರಿನಲ್ಲಿ ನೀರು ಕೊಡುತ್ತೇವೆ. ಮಳೆ ಬಾರದೇ ಇರುವುದಕ್ಕಿಂತ ಕೆಟ್ಟದ್ದು ಅರೆಬರೆ ಬರುವುದು. 30, 40 ಸೆಂಟು ಬಿದ್ದರೆ ಮೊಗ್ಗು ಎಚ್ಚರವಾಗುತ್ತದೆ, ಪೂರ್ತಿ ಅರಳುವಷ್ಟು ನೀರು ಇರುವುದಿಲ್ಲ. ಆಗ ತಡಮಾಡದೆ ಸ್ಪ್ರಿಂಕ್ಲರ್ ಹಚ್ಚಿ ಕೊರತೆ ತುಂಬಬೇಕು. ಒಂದು ದಿನದೊಳಗೆ, ಹೆಚ್ಚೆಂದರೆ ಎರಡು ದಿನದೊಳಗೆ. ಅದಕ್ಕೆ ಪೈಪು ಜೋಡಿಸಬೇಕು, ಡೀಸೆಲ್ ತರಿಸಬೇಕು, ಆಳುಗಳಿಗೆ ಬೆಳಿಗ್ಗೆ ಹಾಜರಿ ಹೊತ್ತಿಗೇ ಹೇಳಬೇಕು. ಅಪ್ಪ ಮಧ್ಯಾಹ್ನ ನೋಡಿದರು. ಪೈಪು ಹಾಸಿದ್ದು ಮರುದಿನ. ಕೆಳಗಿನ ತೋಟದ ಆ ವರ್ಷದ ಫಸಲನ್ನು ನಾನು ಇಲ್ಲಿ ಹೇಳುವುದಿಲ್ಲ, ಅಪ್ಪ ಇದನ್ನು ಓದುತ್ತಾರೆ.

ಹಾಗಾಗಿ ನಾನು ಮಾರುತ್ತಿರುವುದು ಮಳೆಯ ಅಂಕಿಯಲ್ಲ. ಯಾವ ತೋಟದ ಯಾವ ಮೂಲೆಯಲ್ಲಿ 40 ಸೆಂಟು ಮಾತ್ರ ಬಿದ್ದಿದೆ ಎಂಬ ಸುದ್ದಿ ರಾತ್ರಿ ಹತ್ತಕ್ಕೇ ಗೊತ್ತಾಗುವುದನ್ನು. ಇದು ನನಗೆ ಅರ್ಥವಾಗಲು ಎರಡು ಹೂಮಳೆಗಳು ಹಿಡಿದವು.

ಯಂತ್ರದ ತತ್ವ ಹಳೆಯದು. ಮೇಲೆ ಎಂಟು ಇಂಚು ಅಗಲದ ಆಲಿಕೆ, ಕೆಳಗೆ ತೂಗುಮಣೆಯ ಹಾಗೆ ಕೂತ ಎರಡು ಪುಟ್ಟ ಬಟ್ಟಲು. ಒಂದು ಬಟ್ಟಲಿಗೆ ಒಂದು ಸೆಂಟಿನಷ್ಟು ನೀರು ತುಂಬಿದಾಗ ಅದು ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿಸಲ ಮಗುಚುವಾಗ ಅದರ ಬೆನ್ನಿಗಿರುವ ಚೂರು ಅಯಸ್ಕಾಂತ ಒಂದು ಸ್ವಿಚ್ಚಿನ ಮುಂದೆ ಹಾದು ಹೋಗುತ್ತದೆ. ಟಿಕ್ ಎಂದರೆ ಒಂದು ಸೆಂಟು. ಎಂಟು ಇಂಚಿನ ಆಲಿಕೆಯಲ್ಲಿ ಒಂದು ಸೆಂಟು ಎಂದರೆ ಎಂಟು ಮಿಲಿಲೀಟರಿಗಿಂತ ಚೂರು ಹೆಚ್ಚು ನೀರು, 8.24. ಇದನ್ನು ಪರೀಕ್ಷಿಸಲು ಪ್ರಯೋಗಾಲಯದ ಪಂಪು ಕೊಳ್ಳಲು ಹೋಗಿ ಬೆಲೆ ಕೇಳಿ ವಾಪಸ್ ಬಂದೆ. ಕೊನೆಗೆ ಕೆಲಸಕ್ಕೆ ಬಂದದ್ದು ಔಷಧಿ ಅಂಗಡಿಯ ಸಲೈನ್ ಬಾಟಲಿ. ಖಾಲಿ ಬಾಟಲಿಗೆ ಅಳೆದು 500 ಮಿಲಿಲೀಟರ್ ನೀರು ತುಂಬಿಸಿ, ಆಲಿಕೆಯ ಮೇಲೆ ತೂಗುಹಾಕಿ, ಚಕ್ರ ತಿರುಗಿಸಿ ಹನಿಯನ್ನು ನಿಧಾನ ಮಾಡಬೇಕು. ಬಾಟಲಿ ಖಾಲಿಯಾಗುವಷ್ಟರಲ್ಲಿ ಬಟ್ಟಲು 60 ಅಥವಾ 61 ಸಲ ಮಗುಚಿದರೆ ಮಾಪಕ ಸರಿ. ಕಡಿಮೆಯಾದರೆ ಬಟ್ಟಲಿನ ಕೆಳಗಿನ ಸ್ಕ್ರೂವನ್ನು ತುಸು ಮೇಲೇರಿಸಬೇಕು. ಈ ದಿನಕ್ಕೂ ನಮ್ಮ ಜೀಪಿನಲ್ಲಿ ಸಲೈನ್ ಬಾಟಲಿ ಇಲ್ಲದೆ ಹೊರಡುವುದಿಲ್ಲ. ಒಮ್ಮೆ ಪೊಲೀಸರು ತಪಾಸಣೆಯಲ್ಲಿ ನಿಲ್ಲಿಸಿ, ಯಾರಿಗೆ ಹುಷಾರಿಲ್ಲ ಎಂದು ಕೇಳಿದ್ದರು.

ಹನಿ ನಿಧಾನವಿರಬೇಕು ಎಂದೆನಲ್ಲ, ಅದಕ್ಕೆ ಕಾರಣವಿದೆ. ಬಟ್ಟಲು ಮಗುಚುವ ಅರೆಗಳಿಗೆಯಲ್ಲೂ ನೀರು ಬೀಳುತ್ತಲೇ ಇರುತ್ತದೆ, ಆ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಮಾರ್ಚ್ ತಿಂಗಳ ಮಳೆಗೆ ಇದು ಗಮನಕ್ಕೇ ಬರುವುದಿಲ್ಲ. ಭಾಗಮಂಡಲದ ಜುಲೈ ಮಳೆಗೆ ಬರುತ್ತದೆ. ವರ್ಷಕ್ಕೆ 200 ಇಂಚು ದಾಟುವ ಊರದು. ಅಲ್ಲಿ ಮಳೆ ಹುಯ್ಯುವಾಗ ಬಟ್ಟಲಿಗೆ ಉಸಿರಾಡಲು ಬಿಡುವಿರುವುದಿಲ್ಲ. ಜೋರು ಮಳೆಗೆ ಬೇರೆಯೇ ತಿದ್ದುಪಡಿ ಲೆಕ್ಕ ಸೇರಿಸಿದೆ. ಅದಕ್ಕೂ ಮುಂಚೆ ಅಲ್ಲಿಯವರು ನನ್ನ ಯಂತ್ರವನ್ನು "ಕುಶಾಲನಗರದ ಮಾಪಕ" ಎಂದು ತಮಾಷೆ ಮಾಡುತ್ತಿದ್ದರು. ಒಣ ಊರಿನಲ್ಲಿ ಕೂತು ಮಾಡಿದ್ದು ಎಂಬ ಅರ್ಥದಲ್ಲಿ.

ಎಲೆಕ್ಟ್ರಾನಿಕ್ಸ್ ಭಾಗ ಸುಲಭವಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ, ಲೋರಾ ಎಂಬ ರೇಡಿಯೊ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಅಲೆಗಳನ್ನು ಸಣ್ಣ ಶಕ್ತಿಯಲ್ಲಿ ಬಳಸಲು ಪರವಾನಗಿ ಬೇಡ, ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಯಿಂದಲೂ ಸುದ್ದಿ ಬಂಗಲೆಯ ಮಾಡಿನವರೆಗೆ ಬರುತ್ತದೆ. ಪೊಟ್ಟಣದ ಮೇಲೆ ಹತ್ತು ಕಿಲೋಮೀಟರ್ ಎಂದು ಬರೆದಿತ್ತು. ಸಿಲ್ವರ್ ಓಕು, ಹಲಸು, ಅತ್ತಿ ಮರಗಳ ನೆರಳಿನಲ್ಲಿ, ಎಲೆಯೆಲ್ಲ ಒದ್ದೆಯಾದ ದಿನ, ನನಗೆ ಸಿಕ್ಕಿದ್ದು ಒಂದು ಕಿಲೋಮೀಟರ್. ಕೆಲವು ಕಡೆ ಅದೂ ಇಲ್ಲ. ಪೊಟ್ಟಣ ಬರೆದವರು ನೆರಳಿನ ಕಾಫಿ ತೋಟ ನೋಡಿರಲಾರರು.

ಕಷ್ಟ ಕೊಟ್ಟದ್ದು ಉಳಿದದ್ದೆಲ್ಲ. ಮಳೆ ಅಳೆಯಲು ತಲೆಯ ಮೇಲೆ ಬಯಲು ಆಕಾಶ ಬೇಕು. ಕಾಫಿ ತೋಟದಲ್ಲಿ ಬಯಲು ಆಕಾಶ ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ಕಣದ ಅಂಚಿನಲ್ಲಿ ಕಂಬ ನೆಟ್ಟರೆ ಟಾರ್ಪಾಲು ಎಳೆಯುವವರ ಹಗ್ಗಕ್ಕೆ ಅದೇ ಗೂಟ. ಸಿದ್ದಾಪುರದ ಕಡೆ ಕಬ್ಬಿಣದ ಕಂಬವನ್ನು ಆನೆ ಮೈ ಉಜ್ಜಿ ಬಾಗಿಸಿತು; ಗಟ್ಟಿ ಕಂಬ ಹಾಕಿದೆ, ಅದನ್ನೂ ಬಾಗಿಸಿತು. ಈಗ ಆ ಕಡೆಯೆಲ್ಲ ಕಣದ ಗೋಡೆಯ ಮೇಲೆ, ಬಂಗಲೆಯ ನೀರಿನ ಟ್ಯಾಂಕಿನ ಪಕ್ಕ. ಮೊದಲು ಸೌರ ಫಲಕ ಹಾಕಿದ್ದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸೂರ್ಯನ ಮುಖವನ್ನೇ ಕಾಣದ ಊರಿನಲ್ಲಿ, ಮಳೆ ಅಳೆಯುವ ಯಂತ್ರಕ್ಕೆ ಸೌರ ಫಲಕ! ಇದನ್ನು ಯೋಚಿಸಿದ ತಲೆ ನನ್ನದೇ. ಜುಲೈ ಎರಡನೆಯ ವಾರ ಏಳರಲ್ಲಿ ಐದು ಯಂತ್ರ ಮಲಗಿದವು. ಆಮೇಲೆ ನೀರಿನ ಮೀಟರುಗಳಲ್ಲಿ ಹಾಕುವಂಥ ಲಿಥಿಯಂ ಸೆಲ್ಲಿಗೆ ಬದಲಾಯಿಸಿದೆ. ಯಂತ್ರ ಸದಾ ನಿದ್ದೆಯಲ್ಲಿರುತ್ತದೆ, ಬಟ್ಟಲು ಮಗುಚಿದಾಗ ಮಾತ್ರ ಏಳುತ್ತದೆ. ಎರಡು ವರ್ಷಕ್ಕೂ ಹೆಚ್ಚು ಬಾಳಿಕೆ ಬರುತ್ತದೆ.

ಆದರೆ ನಿದ್ದೆಯಲ್ಲೂ ಒಂದು ತೊಡಕು. ಮಳೆ ಬಾರದಿದ್ದರೂ ಸೊನ್ನೆ, ಯಂತ್ರ ಸತ್ತಿದ್ದರೂ ಸೊನ್ನೆ. 2021ರ ಏಪ್ರಿಲಿನಲ್ಲಿ ಒಂದು ತೋಟದಿಂದ ಮೂರು ದಿನ ಸೊನ್ನೆ ಬಂತು. ಪಕ್ಕದ ತೋಟಗಳಲ್ಲಿ ಮುಕ್ಕಾಲು ಇಂಚು. ಓಡಿ ಹೋಗಿ ಆಲಿಕೆ ತೆಗೆದರೆ, ನೀರು ಇಳಿಯುವ ಬೆರಳಗಲದ ಕೊಳವೆಯಲ್ಲಿ ಕಣಜವೊಂದು ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿತ್ತು. ಆಲಿಕೆಯ ತುಂಬ ನೀರು, ಅದರಲ್ಲಿ ಸಿಲ್ವರ್ ಎಲೆಗಳು, ಒಂದು ಸತ್ತ ಜೀರುಂಡೆ. ಕೆಳಗಿನ ಬಟ್ಟಲು ಒಣಗಿ ಗರಿಗರಿ. ಇನ್ನೊಂದು ಕಡೆ ಇರುವೆಗಳು ಬಟ್ಟಲಿನ ಅಚ್ಚಿನ ಸುತ್ತ ಮಣ್ಣು ತುಂಬಿ ಅದನ್ನು ಕದಲದಂತೆ ಮಾಡಿದ್ದವು. ಜಾಲರಿ ಹಾಕಿದೆ, ಕಂಬಕ್ಕೆ ಗ್ರೀಸ್ ಬಳಿದೆ, ಆರು ಗಂಟೆಗೊಮ್ಮೆ "ಬದುಕಿದ್ದೇನೆ" ಎಂದು ಯಂತ್ರವೇ ಹೇಳುವಂತೆ ಮಾಡಿದೆ. ಆದರೂ ಕೊನೆಗೆ ಉಳಿದ ಉಪಾಯ ಒಂದೇ: ವರ್ಷಕ್ಕೆ ಎರಡು ಸಲ, ಹೂಮಳೆಗೆ ಮುಂಚೆ ಫೆಬ್ರವರಿಯಲ್ಲಿ ಮತ್ತು ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ, ಒಬ್ಬ ಮನುಷ್ಯ ಹೋಗಿ ಆಲಿಕೆ ತೊಳೆದು, ಸಲೈನ್ ಬಾಟಲಿ ತೂಗುಹಾಕಿ ಬರಬೇಕು. ನನ್ನ ವ್ಯಾಪಾರ ಯಾವುದು ಎಂದು ನನಗೆ ತಿಳಿದದ್ದು ಆ ಆಲಿಕೆ ತೊಳೆಯುವಾಗ.

ಇನ್ನು ಎಂಟು ಗಂಟೆಯ ಕಥೆ. ನನ್ನ ಸರ್ವರ್ ದಿನವನ್ನು ಮಧ್ಯರಾತ್ರಿಗೆ ಮುಗಿಸುತ್ತಿತ್ತು. ತೋಟಗಳಲ್ಲಿ ಮಳೆಯ ದಿನ ಮುಗಿಯುವುದು ಬೆಳಿಗ್ಗೆ ಎಂಟಕ್ಕೆ, ಗಾಜಿನ ಅಳತೆ ನೋಡಿ ಪುಸ್ತಕದಲ್ಲಿ ಬರೆಯುವಾಗ. ಹವಾಮಾನ ಇಲಾಖೆಯೂ ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ ಲೆಕ್ಕ ಹಾಕುತ್ತದೆ. ರಾತ್ರಿ ಬಿದ್ದ ಮಳೆ ನನ್ನಲ್ಲಿ ಎರಡು ದಿನಕ್ಕೆ ಹಂಚಿಹೋಗುತ್ತಿತ್ತು, ಪುಸ್ತಕದಲ್ಲಿ ಒಂದೇ ದಿನಕ್ಕೆ ಬರುತ್ತಿತ್ತು. ಎರಡೂ ಹೊಂದದೆ ಮೊದಲ ವರ್ಷವಿಡೀ "ನಿನ್ನ ಯಂತ್ರ ಸುಳ್ಳು" ಎಂದು ಬೈಸಿಕೊಂಡೆ. ಸರಿ ಮಾಡಲು ಬೇಕಾದದ್ದು ಪ್ರೋಗ್ರಾಮಿನಲ್ಲಿ ಒಂದು ಸಾಲು. ಅಪ್ಪನ 31 ವರ್ಷಗಳ ಮಳೆ ಡೈರಿ ಮನೆಯ ಕಪಾಟಿನಲ್ಲೇ ಇತ್ತು. ತೆರೆದು ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

ಈಗ ರೈಟರರ, ಅಂದರೆ ತೋಟದ ಲೆಕ್ಕ ಬರೆಯುವವರ, ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ನನ್ನ ಮೊದಲ ಗಿರಾಕಿಗಳು ತೋಟದಲ್ಲಿ ವಾಸವಿರದವರು. ಬೆಂಗಳೂರು, ಮೈಸೂರಿನಲ್ಲಿ ಮನೆ. ಕೈಲ್‌ಪೊಳ್ದ್‌ಗೋ ಪುತ್ತರಿಗೋ, ಹೀಗೆ ಕೊಡಗಿನ ಹಬ್ಬಗಳಿಗೆ, ಊರಿಗೆ ಬರುವವರು. ತೋಟ ನಡೆಸುವುದು ರೈಟರ್. ಹಾಜರಿ, ಸಂಬಳ, ಗೊಬ್ಬರದ ಲೆಕ್ಕ, ಮಳೆ ಎಲ್ಲವೂ ಅವರ ಪುಸ್ತಕದಲ್ಲಿ. ಬೆಳಿಗ್ಗೆ ಫೋನಿನಲ್ಲಿ ಮಾಲೀಕರಿಗೆ ವರದಿ. ಆ ಮಾಲೀಕರಿಗೆ ನನ್ನ ಯಂತ್ರ ಬಹಳ ಇಷ್ಟವಾಯಿತು. ಯಾಕೆ ಇಷ್ಟವಾಯಿತು ಎಂದು ನಾನು ಆಗ ಯೋಚಿಸಲಿಲ್ಲ.

2022ರ ಮಾರ್ಚಿನಲ್ಲಿ ಒಂದು ತೋಟದ ನಾಲ್ಕು ಮಾಪಕಗಳಲ್ಲಿ ಮೂರು ಒಂದೇ ವಾರದಲ್ಲಿ ಕೆಟ್ಟವು. ಒಂದರ ಮೇಲೆ ಗೋಣಿಚೀಲ ಬಿದ್ದಿತ್ತು. "ಗಾಳಿಗೆ ಬಿದ್ದಿರಬೇಕು" ಎಂದರು ರೈಟರ್. ಇನ್ನೊಂದರ ಆಲಿಕೆಯಲ್ಲಿ ಕಾಫಿ ಸಿಪ್ಪೆ ತುಂಬಿತ್ತು. ಮೂರನೆಯದರ ಮೇಲೆ ಅರ್ಧ ತೆಂಗಿನ ಚಿಪ್ಪು ಮಗುಚಿ ಕೂತಿತ್ತು, ಅಳತೆ ತೆಗೆದು ಇಟ್ಟ ಹಾಗೆ. ತೆಂಗಿನ ಚಿಪ್ಪು ಗಾಳಿಗೆ ಹಾರಿ ಬಂದು ಹಾಗೆ ಕೂರುವುದಿಲ್ಲ.

ನಾನು ಸಿಟ್ಟಿನಿಂದ ಮಾಲೀಕರಿಗೆ ಫೋನ್ ಮಾಡಬೇಕೆಂದಿದ್ದೆ. ಮಾಡಲಿಲ್ಲ, ಸಿಗ್ನಲ್ ಇರಲಿಲ್ಲ. ರೈಟರೇ ಚಹಾ ಕುಡಿದು ಹೋಗಿ ಎಂದರು. ಅವರ ಕ್ವಾರ್ಟರ್ಸಿನ ಜಗಲಿಯಲ್ಲಿ ಕುಳಿತೆ. ಅರವತ್ತರ ಹತ್ತಿರದ ಮನುಷ್ಯ, ಇಪ್ಪತ್ತೆಂಟು ವರ್ಷದಿಂದ ಅದೇ ತೋಟ. ಸುಮಾರು ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು: "ಮೊನ್ನೆ ನಾನು 60 ಸೆಂಟು ಎಂದು ಹೇಳಿದೆ ಸರ್. ಸಾಹುಕಾರರು ಅಲ್ಲಿ ಬೆಂಗಳೂರಿನಲ್ಲಿ ಕುಳಿತು, ಅಲ್ಲ, 47 ಎಂದರು. ನಾನು ಇಷ್ಟು ವರ್ಷ ಬರೆದದ್ದೆಲ್ಲ ಸುಳ್ಳು ಎಂದ ಹಾಗಾಯಿತಲ್ಲ."

ಅವರು 60 ಎಂದು ಹೇಳಿದ್ದು ಅಂದಾಜಿಗೆ. ನಾಲ್ಕು ಮೂಲೆಯ ನಾಲ್ಕು ಗಾಜು ನೋಡಲು ಬೆಳಿಗ್ಗೆ ಎರಡು ಗಂಟೆ ನಡೆಯಬೇಕು, ಮಂಡಿ ನೋವು, ಹಾಜರಿಯ ಹೊತ್ತು. ಹತ್ತಿರದ ಒಂದನ್ನು ನೋಡಿ ಉಳಿದದ್ದನ್ನು ಅನುಭವದಿಂದ ಬರೆಯುತ್ತಿದ್ದರು. ಬಹುಪಾಲು ಸರಿಯಾಗಿಯೇ ಇರುತ್ತಿತ್ತು. ನಾನು ಮಾಡಿದ್ದು ಏನೆಂದರೆ, ಸುದ್ದಿಯನ್ನು ಅವರಿಗಿಂತ ಮೊದಲು 250 ಕಿಲೋಮೀಟರ್ ದೂರದ ಮನೆಗೆ ತಲುಪಿಸಿದ್ದು. ಅವರ ಕೈಯಲ್ಲಿದ್ದ ಒಂದೇ ಒಂದು ಅಧಿಕಾರ, ಬೆಳಿಗ್ಗೆ ಫೋನಿನಲ್ಲಿ "ಇಷ್ಟು ಬಿತ್ತು" ಎಂದು ಹೇಳುವುದು, ಅದನ್ನು ಕಿತ್ತುಕೊಂಡಿದ್ದೆ. ಚಿಪ್ಪು ಮುಚ್ಚದೆ ಇನ್ನೇನು ಮಾಡುತ್ತಾರೆ?

ವಾಪಸ್ ಬಂದು ಎರಡು ಬದಲಾವಣೆ ಮಾಡಿದೆ. ರಾತ್ರಿಯ ಸಂದೇಶ ಮೊದಲು ರೈಟರಿಗೆ, ಎಸ್‌ಎಂಎಸ್ ಆಗಿ, ಕನ್ನಡದಲ್ಲಿ, ಬ್ಲಾಕಿನ ಹೆಸರು ಹಾಕಿ: "ಕೆರೆ ಬ್ಲಾಕ್ 40 ಸೆಂಟು, ಬಂಗಲೆ 95 ಸೆಂಟು". ಬ್ಲಾಕಿನ ಹೆಸರುಗಳನ್ನೂ ಅವರೇ ಹೇಳಬೇಕು, ನಕ್ಷೆಯಲ್ಲಿರುವಂತೆ ಅಲ್ಲ, ತೋಟದಲ್ಲಿ ಕರೆಯುವಂತೆ. ಮಾಲೀಕರಿಗೆ ಹೋಗುವುದು ಬೆಳಿಗ್ಗೆ ಎಂಟೂವರೆಗೆ, ರೈಟರ್ ಪುಸ್ತಕ ಬರೆದು ಫೋನ್ ಮಾಡುವ ಹೊತ್ತು ಕಳೆದ ಮೇಲೆ. ಹೂಮಳೆಯ ಕಾಲದಲ್ಲಿ ಪೈಪು ಹಾಸುವ ತೀರ್ಮಾನ ರಾತ್ರಿಯೇ ಆಗಬೇಕಾದರೆ ರೈಟರೇ ಮಾಲೀಕರಿಗೆ ಫೋನ್ ಮಾಡುತ್ತಾರೆ, "ಕೆರೆ ಬ್ಲಾಕಿಗೆ ನೀರು ಕೊಡೋಣವೇ" ಎಂದು. ಕೆಲವು ಮಾಲೀಕರು ಇದಕ್ಕೆ ಒಪ್ಪಲಿಲ್ಲ. "ದುಡ್ಡು ಕೊಡುವವನು ನಾನು, ನನಗೇ ತಡವಾಗಿ ಏಕೆ?" ಇಬ್ಬರು ಬಿಟ್ಟೇ ಹೋದರು. ಉಳಿದವರಿಗೆ ನಾನು ಹೇಳಿದ್ದು ಇಷ್ಟೇ: ಕಾವಲು ಯಂತ್ರ ಬೇಕಾದರೆ ಕ್ಯಾಮೆರಾ ಮಾರುವವರಿದ್ದಾರೆ, ನಾನು ಮಾರುವುದು ಮಳೆಮಾಪಕ. ಆ ಮಾತಿನಲ್ಲಿ ಸ್ವಲ್ಪ ಸೊಕ್ಕಿತ್ತು, ಒಪ್ಪುತ್ತೇನೆ. ಆದರೆ ಆ ವರ್ಷದ ನಂತರ ಒಂದು ಮಾಪಕದ ಮೇಲೂ ಚಿಪ್ಪು ಕೂತಿಲ್ಲ. ಮುಂದಿನ 40 ತೋಟಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಒಬ್ಬ ರೈಟರ್ ಇನ್ನೊಬ್ಬ ರೈಟರಿಗೆ ಹೇಳಿ.

ದುಡ್ಡಿನ ಮಾತು. ಆರಂಭದಲ್ಲಿ ತಿಂಗಳಿಗೆ 299 ರೂಪಾಯಿ ಎಂದು ಇಟ್ಟಿದ್ದೆ, ಬೆಂಗಳೂರಿನ ಅಭ್ಯಾಸ. ಕಾಫಿ ಬೆಳೆಗಾರನಿಗೆ ತಿಂಗಳ ವರಮಾನ ಎಂಬುದೇ ಇಲ್ಲ. ಡಿಸೆಂಬರಿನಿಂದ ಕೊಯ್ಲು, ಒಣಗಿಸಿ ಮಾರಿದ ಮೇಲೆ ಫೆಬ್ರವರಿ, ಮಾರ್ಚಿನಲ್ಲಿ ಹಣ. ಗೊಬ್ಬರದ ಅಂಗಡಿ, ದಿನಸಿ ಅಂಗಡಿ, ಮಕ್ಕಳ ಶಾಲೆಯ ಶುಲ್ಕ ಎಲ್ಲದಕ್ಕೂ ಉತ್ತರ ಒಂದೇ, "ಕಾಫಿ ಮಾರಿದ ಮೇಲೆ". ಜಿಲ್ಲೆಯ ಅರ್ಧ ಸಾಲ ಈ ಮೂರು ಪದಗಳ ಮೇಲೆ ನಿಂತಿದೆ. ಆಗಸ್ಟಿನಲ್ಲಿ ಬ್ಯಾಂಕಿನಿಂದ ತಾನಾಗಿ 299 ಕಡಿತವಾಗಲು ಖಾತೆಯಲ್ಲಿ ಇರಬೇಕಲ್ಲ. ವರ್ಷಕ್ಕೊಮ್ಮೆ, ಮಾರ್ಚಿನಲ್ಲಿ, ಒಂದು ಮಾಪಕಕ್ಕೆ 4,500 ಎಂದು ಬದಲಾಯಿಸಿದೆ. ಎರಡು ಸಲದ ಸ್ವಚ್ಛತೆ, ಸೆಲ್ಲು, ರಿಪೇರಿ ಎಲ್ಲ ಸೇರಿ. ಮೊತ್ತ ಮೊದಲಿಗಿಂತ ಹೆಚ್ಚು, ಆದರೆ ಕೊಡಲು ಯಾರೂ ಗೊಣಗಲಿಲ್ಲ. ಯಂತ್ರದ ಬೆಲೆ ಬೇರೆ, 14,000. ಮಾಡಲು ನನಗೆ ಬೀಳುವುದು 7,400.

ಇದರ ತೊಂದರೆ ನನ್ನ ಕಡೆಗೆ ಬಂತು. ಬಿಡಿಭಾಗ ಕೊಳ್ಳಬೇಕಾದದ್ದು ನವೆಂಬರಿನಲ್ಲಿ, ಹಣ ಬರುವುದು ಮಾರ್ಚಿನಲ್ಲಿ. ನಡುವಿನ ನಾಲ್ಕು ತಿಂಗಳು ಅಮ್ಮನ ಬಳೆಗಳು ಬ್ಯಾಂಕಿನಲ್ಲಿರುತ್ತವೆ. ಐದು ವರ್ಷದಿಂದ ಅವು ಪ್ರತಿ ನವೆಂಬರಿನಲ್ಲಿ ಹೋಗಿ ಏಪ್ರಿಲಿನಲ್ಲಿ ಮನೆಗೆ ಬರುತ್ತವೆ. "ನನ್ನ ಬಳೆಗೂ ಹೂಮಳೆ ಬೇಕು" ಎನ್ನುತ್ತಾರೆ ಅಮ್ಮ.

2024ರ ವರ್ಷ ನನ್ನ ವ್ಯಾಪಾರ ಒಮ್ಮೆಲೇ ಏರಿತು. ನನ್ನ ಜಾಣ್ಮೆಯೇನಲ್ಲ. ರೋಬಸ್ಟಾ ಚೆರಿ ದರ ಮೂಟೆಗೆ 10,000 ರೂಪಾಯಿ ದಾಟಿತು, ಎಲ್ಲರ ಕೈಯಲ್ಲಿ ನಾಲ್ಕು ಕಾಸು ಓಡಾಡಿತು, ಫಸಲು ಹಾಳಾದರೆ ಆಗುವ ನಷ್ಟವೂ ದೊಡ್ಡದಾಗಿ ಕಂಡಿತು. ಆ ವರ್ಷದ ಏರಿಕೆಯ ಗೆರೆಯನ್ನು ತೋರಿಸಿ ನಾನು ಬಹಳ ಮಾತನಾಡಬಹುದು. ಅದು ಲಂಡನ್ ಮಾರುಕಟ್ಟೆಯ ಗೆರೆ, ನನ್ನದಲ್ಲ.

ಆ ಗೆರೆಯನ್ನು ನೋಡಿಯೇ ಬೆಂಗಳೂರಿನ ಹೂಡಿಕೆದಾರರೊಬ್ಬರು ಕರೆದಿದ್ದರು. ಒಳ್ಳೆಯ ಮನುಷ್ಯ, ಪ್ರಶ್ನೆಗಳೂ ಸರಿಯಾಗಿದ್ದವು. ಭಾರತದ ಕಾಫಿಯಲ್ಲಿ ಸುಮಾರು 70 ಶೇಕಡಾ ಕರ್ನಾಟಕದ್ದು, ಅದರಲ್ಲಿ ದೊಡ್ಡ ಪಾಲು ಕೊಡಗಿನದು ಎಂದೆ. ಬೆಳೆಗಾರರಲ್ಲಿ 98 ಶೇಕಡಾಕ್ಕೂ ಹೆಚ್ಚು ಮಂದಿ ಸಣ್ಣ ಹಿಡುವಳಿದಾರರು ಎಂದೂ ಹೇಳಬೇಕಾಯಿತು. ಐದು ಎಕರೆಯವರಿಗೆ ಸ್ವಂತ ಮಾಪಕ ದುಬಾರಿ. ಐದು ಮನೆಗೆ ಒಂದು ಎಂದು ಪ್ರಯತ್ನಿಸಿದ್ದೆ. ಅದು ಯಾರ ಕಣದಲ್ಲಿರಬೇಕು ಎಂಬ ಜಗಳ ಬಿಡಿಸಲು ಮೂರು ಸಭೆ ನಡೆದು, ಕೊನೆಗೆ ಅಂಗನವಾಡಿಯ ಅಂಗಳದಲ್ಲಿ ನಿಂತಿದೆ. "ಹಾಗಾದರೆ ಚಹಾ ತೋಟಗಳಿಗೆ ಹೋಗಿ, ಬೆಳೆ ವಿಮೆಯವರಿಗೆ ಅಂಕಿ ಮಾರಿ, ಈ ವರ್ಷಕ್ಕೆರಡು ಭೇಟಿ ತೆಗೆದುಹಾಕಿ" ಎಂದರು ಅವರು. ಭೇಟಿ ತೆಗೆದರೆ ಕಣಜ ಗೂಡು ಕಟ್ಟುತ್ತದೆ ಎಂದೆ. ಅವರು ನಕ್ಕರು, ನಾನೂ ನಕ್ಕೆ. ನನ್ನ ವ್ಯಾಪಾರ ಜೀಪಿನ ಮೇಲೆ ನಿಂತಿತ್ತು, ಅವರಿಗೆ ಬೇಕಿದ್ದದ್ದು ಜೀಪು ಬೇಡದ ವ್ಯಾಪಾರ. ಯಾರದೂ ತಪ್ಪಲ್ಲ.

ಸರ್ಕಾರದ ಕಾಗದಪತ್ರದ ಬಗ್ಗೆ ಒಂದೇ ಮಾತು: 2016ರಲ್ಲಿ ಬಂದ ಸ್ಟಾರ್ಟ್‌ಅಪ್ ಇಂಡಿಯಾ ಮಾನ್ಯತೆ ಒಬ್ಬನೇ ಮಾಲೀಕನಾಗಿರುವ ಅಂಗಡಿಯಂಥ ಸಂಸ್ಥೆಗೆ ಸಿಗುವುದಿಲ್ಲ ಎಂದು ನನಗೆ ತಿಳಿದದ್ದು ಅರ್ಜಿ ಹಾಕಲು ಕುಳಿತಾಗ. ಆಮೇಲೆ ತಂಗಿಯನ್ನು ಪಾಲುದಾರಳಾಗಿ ಸೇರಿಸಿಕೊಂಡು ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ, ಅಂದರೆ ಎಲ್‌ಎಲ್‌ಪಿ ಮಾಡಿದೆ. ಮೊದಲೇ ಮಾಡಿದ್ದರೆ ಒಂದು ವರ್ಷದ ಓಡಾಟ ಉಳಿಯುತ್ತಿತ್ತು.

ಇನ್ನೊಂದು ಒತ್ತಾಯ ಬೇರೆಯದೇ ರೀತಿಯದು. 2018ರ ಆಗಸ್ಟ್ ನಮ್ಮವರ್ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡಗಳೇ ಇಳಿದು ಬಂದವು. 2019ರಲ್ಲಿ ಮತ್ತೆ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ. ಮಳೆ ಅಳೆಯುವ ಯಂತ್ರವಿದ್ದ ಮೇಲೆ "ಭೂಕುಸಿತದ ಮುನ್ಸೂಚನೆ" ಎಂದು ಹೆಸರಿಟ್ಟು ಮಾರು, ಅನುದಾನವೂ ಸಿಗುತ್ತದೆ, ಹೆಸರೂ ಬರುತ್ತದೆ ಎಂದು ಸಲಹೆ ಕೊಟ್ಟವರು ಒಬ್ಬಿಬ್ಬರಲ್ಲ. ನನ್ನ ಬಟ್ಟಲಿಗೆ ಗೊತ್ತಿರುವುದು ಆಲಿಕೆಗೆ ಬಿದ್ದ ನೀರು ಮಾತ್ರ. ಗುಡ್ಡದ ಮಣ್ಣು ಎಷ್ಟು ಕುಡಿದಿದೆ, ಬುಡವನ್ನು ಯಾರು ಎಲ್ಲಿ ಕಡಿದಿದ್ದಾರೆ, ಒಳಗೆ ನೀರಿನ ಸೆಲೆ ಯಾವ ಕಡೆ ತಿರುಗಿದೆ ಎಂಬುದು ಅದಕ್ಕೆ ತಿಳಿಯದು. ಒಂದು ರಾತ್ರಿ ನನ್ನ ಯಂತ್ರ ಸುಮ್ಮನಿತ್ತೆಂದು ಯಾರಾದರೂ ಮನೆಯಲ್ಲೇ ಮಲಗಿದರೆ? ಬಿಲ್ಲಿನ ಹಿಂದೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ: ಇದು ಮಳೆಮಾಪಕ, ಭೂಕುಸಿತದ ಎಚ್ಚರಿಕೆ ಯಂತ್ರವಲ್ಲ. ಹೂಮಳೆಯ ಅಂಕಿ ತಪ್ಪಿದರೆ ಬೈಗುಳ ತಿನ್ನಬಹುದು.

ಹೋದ ಮಾರ್ಚಿನಲ್ಲಿ ಚಿಪ್ಪು ಮುಚ್ಚಿದ್ದ ಆ ರೈಟರ್ ಬೆಳಿಗ್ಗೆ ಎಂಟೂ ಕಾಲಿಗೆ ಫೋನ್ ಮಾಡಿದರು. "ಸರ್, ಬಂಗಲೆಯ ನಿಮ್ಮ ಮಿಷನ್ 38 ಎನ್ನುತ್ತಿದೆ. ನನ್ನ ಗಾಜು 40. ಎರಡು ಸೆಂಟು ಎಲ್ಲಿ ಹೋಯಿತು?" ಎರಡು ಸೆಂಟಿಗೆ ಯಾರು ಬರುತ್ತಾರೆ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಜೀಪು ಹೇಗೂ ಆ ಕಡೆಗೇ ಹೊರಟಿತ್ತು.

ಕಣದ ಗೋಡೆಯ ಪಕ್ಕ ಏಣಿ ಇಟ್ಟು ಸಲೈನ್ ಬಾಟಲಿ ತೂಗುಹಾಕಿದೆ. ಅವರು ಪುಸ್ತಕ, ಪೆನ್ನು ಹಿಡಿದು ಕೆಳಗೆ ಮುಕ್ಕಾಲಿ ಪೀಠ ಹಾಕಿಕೊಂಡು ಕೂತರು. ಪ್ರತಿ ಟಿಕ್‌ಗೂ ಒಂದು ಗೀಟು, ಐದಕ್ಕೊಂದು ಅಡ್ಡಗೀಟು, ಹಾಜರಿ ಎಣಿಸುವ ಹಾಗೆಯೇ. ಮುಕ್ಕಾಲು ಗಂಟೆ ಇಬ್ಬರೂ ಮಾತನಾಡಲಿಲ್ಲ. ಬಾಟಲಿ ಖಾಲಿಯಾದಾಗ ಅವರ ಲೆಕ್ಕ 58, ನನ್ನದೂ 58. ಮೂರು ಕಡಿಮೆ. ಸ್ಕ್ರೂವಿನ ಕೆಳಗೆ ಪಾಚಿ ಕಟ್ಟಿತ್ತು. ಕೆರೆದು, ಕಾಲು ಸುತ್ತು ತಿರುಗಿಸಿ, ಇನ್ನೊಂದು ಬಾಟಲಿ ಹನಿಸಿದೆವು. 61.

ಏಣಿ ಇಳಿದು ಬಂದಾಗ ಅವರು ಆ ದಿನದ ಸಾಲಿನ ಕೆಳಗೆ ಬರೆಯುತ್ತಿದ್ದರು. ಬಗ್ಗಿ ಓದಿದೆ: "ಬಂಗಲೆ 40 ಸೆಂಟು. ಮಿಷನ್ ತಪ್ಪಿತ್ತು. ನನ್ನ ಸಮಕ್ಷಮದಲ್ಲಿ ಸರಿ ಮಾಡಿಸಲಾಯಿತು."